ತೇಪೆಯ ಆಯುಸ್ಸು

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದು ಗಾದೆ ಕಟ್ಟಿದ ನಮ್ಮ ಹಿರಿಯರು ಮೂರನೆಯ ಮಾತೊಂದನ್ನು ಸೇರಿಸಲು ಮರೆತರೋ, ಬೇಕೆಂದೇ ಬಿಟ್ಟರೋ ತಿಳಿಯದು. ಕಟ್ಟಿದ ಮನೆಯನ್ನು ರಿಪೇರಿ ಮಾಡಿ ನೋಡು ಎಂದು ಅವರು ಹೇಳಲಿಲ್ಲ. ಕಟ್ಟುವುದು ಒಂದು ಸಲದ ಕೆಲಸ. ಅದಕ್ಕೆ ಗುದ್ದಲಿ ಪೂಜೆಯಿದೆ, ಗೃಹಪ್ರವೇಶವಿದೆ, ಹೋಳಿಗೆ ಊಟವಿದೆ. ಸೋರುವ ಸೂರಿಗೆ ತೇಪೆ ಹಾಕುವುದಕ್ಕೆ ಮುಹೂರ್ತವೂ ಇಲ್ಲ, ಊಟವೂ ಇಲ್ಲ. ಮಳೆ ಬಂದ ರಾತ್ರಿ ಪಾತ್ರೆಯಿಟ್ಟು ಹಿಡಿದ ನೀರನ್ನು ಬೆಳಿಗ್ಗೆ ಚೆಲ್ಲಿ, ಏಣಿ ಹುಡುಕಿಕೊಂಡು ಹೋಗುವ ಮನುಷ್ಯನ ಬಗ್ಗೆ ನಾವು ವಿಮರ್ಶಕರು ಬರೆದದ್ದು ಬಹಳ ಕಡಿಮೆ. ದೇವಸ್ಥಾನದ ಗೋಪುರಕ್ಕೆ ವಿಮರ್ಶೆಯಿದೆ, ಅರಮನೆಯ ಕಮಾನಿಗೆ ವಿಮರ್ಶೆಯಿದೆ; ತಗಡಿನ ಮೇಲಿನ ಟಾರಿನ ತೇಪೆಗೆ ಇಲ್ಲ. ಈ ಬರಹ ಆ ಸಾಲದ ಸಣ್ಣದೊಂದು ಕಂತು.

ನಾನಿರುವ ರಾಬರ್ಟ್‌ಸನ್‌ಪೇಟೆ ಕೋಲಾರದ ಚಿನ್ನದ ಗಣಿಗಳಿಗೆ ಅಂಟಿಕೊಂಡು ಬೆಳೆದ ಊರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಳತೆ ಹಿಡಿದು, ನೇರ ಬೀದಿಗಳನ್ನು ಹಾಕಿ ಕಟ್ಟಿದ ಪೇಟೆ. ಹೆಸರು ಬಂದದ್ದು ಆಗಿನ ಮೈಸೂರಿನ ಬ್ರಿಟಿಷ್ ರೆಸಿಡೆಂಟರಿಂದ. ಸುತ್ತ ಚಾಂಪಿಯನ್ ರೀಫ್ಸ್, ಊರಿಗಾಂ, ಮಾರಿಕುಪ್ಪಂ, ಕೋರಮಂಡಲ್. ಅಲ್ಲೆಲ್ಲ ಗಣಿ ಕೆಲಸಗಾರರಿಗೆಂದು ಕಂಪನಿ ಸಾಲಾಗಿ ಕಟ್ಟಿದ ಮನೆಗಳು. ಅವನ್ನು ಇಲ್ಲಿ ಎಲ್ಲ ಭಾಷೆಯವರೂ 'ಲೈನು' ಎಂದೇ ಕರೆಯುತ್ತಾರೆ. ಗಣಿ ಮುಚ್ಚಿದ ಮೇಲೆ ಲೈನಿನ ಗಂಡಸರೂ ಹೆಂಗಸರೂ ಕತ್ತಲಿರುವಾಗಲೇ ರೈಲು ಹತ್ತಿ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಕತ್ತಲಾದ ಮೇಲೆ ಹಿಂತಿರುಗುತ್ತಾರೆ. ಆದ್ದರಿಂದ ಮನೆಯ ರಿಪೇರಿಗೆ ಉಳಿಯುವುದು ಭಾನುವಾರ ಒಂದೇ. ಆ ದಿನ ಪೇಟೆಯ ಹಾರ್ಡ್‌ವೇರ್ ಅಂಗಡಿಗಳ ಮುಂದೆ ನಿಂತು ಕೇಳಿದರೆ ಸಾಕು, ಊರಿನ ಮನೆಗಳ ಆರೋಗ್ಯ ತಿಳಿಯುತ್ತದೆ. "ಅಣ್ಣಾ, ಅರ್ಧ ಕೆ.ಜಿ. ಸಿಮೆಂಟು ಕೊಡಿ, ಹತ್ತು ವಾಷರು ಕೊಡಿ." ಮೂಟೆ ಸಿಮೆಂಟು ಕೊಳ್ಳುವವನು ಮನೆ ಕಟ್ಟುವವನು. ಅರ್ಧ ಕೆ.ಜಿ. ಕೊಳ್ಳುವವನು ರಿಪೇರಿಯವನು. ಅಂಗಡಿಯವರೂ ಇವನಿಗಾಗಿಯೇ ಒಂದು ಮೂಟೆ ಒಡೆದಿಟ್ಟುಕೊಂಡಿರುತ್ತಾರೆ.

ಈಗ 'ನೀವೇ ಮಾಡಿ ನೋಡಿ' ಎಂಬ ಜಾತಿಯ ಪುಸ್ತಕಗಳ ಮಾತಿಗೆ ಬರೋಣ. ಇಂಗ್ಲಿಷಿನಲ್ಲಿ ಇವಕ್ಕೆ ಲೆಕ್ಕವಿಲ್ಲ. ನಲ್ಲಿಯ ವಾಷರು ಬದಲಾಯಿಸುವುದು ಹೇಗೆ, ಬಾಗಿಲ ಕೀಲು ಕಿರುಗುಟ್ಟಿದರೆ ಏನು ಮಾಡಬೇಕು, ಗೋಡೆಯ ಬಿರುಕನ್ನು ಮುಚ್ಚುವ ಬಗೆ ಯಾವುದು ಎಂದು ಹಂತ ಹಂತವಾಗಿ ಚಿತ್ರ ಸಹಿತ ಹೇಳಿಕೊಡುತ್ತವೆ. ಇತ್ತೀಚೆಗೆ ಅದೇ ಪಾಠ ಮೊಬೈಲಿನ ವಿಡಿಯೋಗಳಾಗಿ ಕನ್ನಡಕ್ಕೂ ಬಂದಿದೆ. ಇವುಗಳ ಉಪಯೋಗವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇವು ಓದುಗನನ್ನು ಹೇಗೆ ಕಲ್ಪಿಸಿಕೊಂಡಿವೆ ಎಂಬುದನ್ನು ಗಮನಿಸಬೇಕು. ಅವನಿಗೆ ಸ್ವಂತ ಮನೆಯಿದೆ, ಶನಿವಾರ ರಜೆಯಿದೆ, ಉಪಕರಣಗಳನ್ನು ತೂಗುಹಾಕಲು ಒಂದು ಕೋಣೆಯಿದೆ, ಕೆಲಸ ಕೆಟ್ಟರೆ ಕರೆಯಲು ಮೇಸ್ತ್ರಿಯಿದ್ದಾನೆ. ಅಂದರೆ ರಿಪೇರಿ ಅವನಿಗೆ ಹವ್ಯಾಸ. ಗುಲಾಬಿ ಗಿಡಕ್ಕೆ ಕಸಿ ಕಟ್ಟುವ ಹಾಗೆ ಗೋಡೆಗೆ ಗಾರೆ ಮೆತ್ತುತ್ತಾನೆ. ಈ ಪುಸ್ತಕಗಳಲ್ಲಿ ಯಾರೂ ಬೇರೆಯವರ ಮನೆಯನ್ನು ರಿಪೇರಿ ಮಾಡುವುದಿಲ್ಲ. ಲೈನಿನ ಮನೆ ಅವುಗಳ ಕಣ್ಣಿಗೆ ಬೀಳದಿರುವುದು ಈ ಕಾರಣಕ್ಕೆ.

ಲೈನಿನ ಇತಿಹಾಸವನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಿಬಿಡುವೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಗಣಿ ಕೆಲಸಕ್ಕೆ ಕೈಹಾಕಿತು. 1902ರಲ್ಲಿ ಶಿವನಸಮುದ್ರದಿಂದ ತಂತಿ ಎಳೆದು ವಿದ್ಯುತ್ ತಂದರು. ಬೆಂಗಳೂರಿಗಿಂತ ಮೊದಲು ಕೋಲಾರಕ್ಕೆ ವಿದ್ಯುತ್ ಬಂತೆಂದು ನಾವು ಇಂದಿಗೂ ಹೆಮ್ಮೆಪಡುತ್ತೇವೆ. ಅದು ಬಂದದ್ದು ಗಣಿಯ ಯಂತ್ರಗಳಿಗಾಗಿ ಎಂಬುದನ್ನು ಹೆಮ್ಮೆಯ ಭರದಲ್ಲಿ ಹೇಳುವುದಿಲ್ಲ. ಅಧಿಕಾರಿಗಳಿಗೆ ತೋಟವಿರುವ ಬಂಗಲೆಗಳು ಎದ್ದವು, ಕೂಲಿಗಳಿಗೆ ಮೊದಲು ಬಿದಿರು ತಟ್ಟಿಯ ಗುಡಿಸಲು, ಆಮೇಲೆ ತಗಡಿನ ಸೂರಿನ ಲೈನುಗಳು. 1956ರಲ್ಲಿ ಗಣಿಗಳು ಮೈಸೂರು ಸರಕಾರಕ್ಕೆ, 1962ರಲ್ಲಿ ಕೇಂದ್ರ ಸರಕಾರಕ್ಕೆ ಬಂದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. 2001ರ ಫೆಬ್ರವರಿ 28ರಂದು ಬೀಗ ಬಿತ್ತು. ಯಜಮಾನರು ಇಷ್ಟು ಸಲ ಬದಲಾದರೂ ಲೈನಿನ ಸೂರಿನ ಕೆಳಗೆ ಅಜ್ಜ, ಅಪ್ಪ, ಮಗ ಒಬ್ಬರಾದ ಮೇಲೊಬ್ಬರು ಉಳಿದರು. ಈ ಜನರ ದುಡಿಮೆಯ ಚರಿತ್ರೆಯನ್ನು ಜಾನಕಿ ನಾಯರ್ ಅವರು 1998ರ 'ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್' ಎಂಬ ಪುಸ್ತಕದಲ್ಲಿ ಬರೆದಿದ್ದಾರೆ. ನಾನು ಹೇಳಹೊರಟಿರುವುದು ಅದಕ್ಕಿಂತ ಸಣ್ಣ ಸಂಗತಿ: ಅವರ ತೇಪೆಗಳನ್ನು ಓದುವ ಬಗೆ.

ಓದುವುದು ಎಂದೆ. ಹೌದು, ತೇಪೆಯನ್ನು ಓದಬಹುದು. ಲೈನುಗಳಲ್ಲಿ ತಿರುಗಾಡಿದವರಿಗೆ ಮೂರು ಬಗೆಯ ರಿಪೇರಿ ಕಾಣುತ್ತದೆ. ಮೊದಲನೆಯದು ಹೇರುವುದು. ತಗಡು ಗಾಳಿಗೆ ಏಳುತ್ತಿದ್ದರೆ ಅದರ ಮೇಲೊಂದು ಕಲ್ಲು, ಒಂದು ಹಳೆಯ ಟೈರು. ಎರಡನೆಯದು ಬಿಗಿಯುವುದು. ತಗಡನ್ನು ಕೊಕ್ಕೆ ಬೋಲ್ಟಿನಿಂದ ಜಂತೆಗೆ ಹಿಡಿದು, ವಾಷರು ಹಾಕಿ ನಟ್ಟು ತಿರುವುವುದು. ಮೂರನೆಯದು ಮೆತ್ತುವುದು. ಸಿಮೆಂಟು ಗಾರೆ ಕಲಸಿ ಗೋಡೆಗೋ ನೆಲಕ್ಕೋ ಶಾಶ್ವತವಾಗಿ ಸೇರಿಸಿಬಿಡುವುದು. ಕಲ್ಲನ್ನು ಎತ್ತಿಟ್ಟರೆ ಮುಗಿಯಿತು. ಬೋಲ್ಟನ್ನು ಬಿಚ್ಚಿ ತಗಡನ್ನು ಬೇರೆ ಕಡೆಗೆ ಹೊತ್ತುಕೊಂಡು ಹೋಗಬಹುದು. ಗೋಡೆಗೆ ಮೆತ್ತಿದ ಸಿಮೆಂಟನ್ನು ಯಾರೂ ಹೊತ್ತುಕೊಂಡು ಹೋಗಲಾರರು. ಅದು ಗೋಡೆಯವನಿಗೆ ಸೇರಿತು. ಆದ್ದರಿಂದ ಒಂದು ತೇಪೆಯ ಆಯುಸ್ಸು ಎಷ್ಟು ಎಂದು ಕೇಳುವುದೂ, ಅದನ್ನು ಹಾಕಿದವನಿಗೆ ತಾನು ಈ ಮನೆಯಲ್ಲಿ ಇನ್ನೆಷ್ಟು ದಿನ ಇರುತ್ತೇನೆಂಬ ನಂಬಿಕೆಯಿತ್ತು ಎಂದು ಕೇಳುವುದೂ ಒಂದೇ ಪ್ರಶ್ನೆ. ಕಲ್ಲು ಹೇರಿದವನು ಸೋಮಾರಿ ಎಂದು ಪೇಟೆಯ ಸ್ವಂತ ಮನೆಯವರು ಆಡಿಕೊಳ್ಳುವುದನ್ನು ಕೇಳಿದ್ದೇನೆ. ಅವನು ಸೋಮಾರಿಯಲ್ಲ, ಲೆಕ್ಕ ಬಲ್ಲವನು.

ಕೈಗೆಲಸದ ಮಟ್ಟದಲ್ಲಿ ನೋಡಿದರೂ ಇವರಿಗೆ ಯಾವ ಪುಸ್ತಕವೂ ಹೇಳಿಕೊಡಬೇಕಾಗಿರಲಿಲ್ಲ. ಮೂರು ಕಿಲೋಮೀಟರಿಗೂ ಮಿಕ್ಕ ಆಳದಲ್ಲಿ ಮರದ ದಿಮ್ಮಿ, ಕಲ್ಲಿನ ಕಟ್ಟುಗಳಿಂದ ಬಂಡೆಯ ಸೂರಿಗೆ ಆಸರೆ ಕೊಡುತ್ತಿದ್ದ ಕೆಲಸಗಾರನಿಗೆ ತನ್ನ ಮನೆಯ ಬಾಗಿದ ಜಂತೆ ಯಾವ ಲೆಕ್ಕ? ಕೆಳಗೊಂದು ಕಂಬ, ಕಂಬದ ತಲೆಗೆ ಬೆಣೆ, ಬೆಣೆಗೆ ಎದುರು ಬೆಣೆ, ಎರಡನ್ನೂ ಸ್ವಲ್ಪ ಸ್ವಲ್ಪವಾಗಿ ಬಡಿದು ಬಿಗಿ ಮಾಡುವುದು. ಒಂದೇ ಏಟಿಗೆ ಎತ್ತಿದರೆ ಗೋಡೆ ಬಿರಿಯುತ್ತದೆ ಎಂಬ ವಿವೇಕ ಗಣಿಯಿಂದ ಮನೆಗೆ ಬಂದದ್ದು. ವರ್ಕ್‌ಶಾಪಿನ ಫಿಟ್ಟರಿಗೆ ವಾಷರಿನ ಮರ್ಮ ಗೊತ್ತಿತ್ತು. ಸುಕ್ಕುತಗಡಿಗೆ ತೂತು ಕೊರೆಯುವುದು ದಿಣ್ಣೆಯ ಮೇಲೆ, ತಗ್ಗಿನಲ್ಲಿ ಅಲ್ಲ. ಏಕೆಂದರೆ ನೀರು ಹರಿಯುವುದು ತಗ್ಗಿನಲ್ಲಿ. ಒಂದು ತಗಡು ಇನ್ನೊಂದರ ಮೇಲೆ ಕೂರುವ ಅಂಚು ಮಳೆ ಬೀಸುವ ದಿಕ್ಕಿಗೆ ಬೆನ್ನು ಮಾಡಿರಬೇಕು. ಹಳೆಯ ಮೊಳೆಯ ತೂತು ದೊಡ್ಡದಾದರೆ ಇನ್ನೂ ದಪ್ಪ ಮೊಳೆ ಹೊಡೆಯುವುದು ಮೂರ್ಖತನ. ಮೊಳೆ ಕಿತ್ತು, ಟಾರು ಬಳಿದ ತುಂಡು ತಗಡಿನಿಂದ ತೂತು ಮುಚ್ಚಿ, ಹೊಸ ಜಾಗದಲ್ಲಿ ಬಿಗಿಯಬೇಕು. ಇಷ್ಟನ್ನು ನಮ್ಮ ಕಡೆ ನಿವೃತ್ತ ಫಿಟ್ಟರೊಬ್ಬರು ಕೈಯಾಡಿಸುತ್ತಲೇ ಹೇಳಬಲ್ಲರು, ಅವರಿಗೆ ಚಿತ್ರ ಬೇಕಾಗಿಲ್ಲ.

ಬಿರುಕಿನ ವಿಷಯ ಇನ್ನೂ ಸ್ವಾರಸ್ಯವಾದದ್ದು. ಗಣಿಯ ಆಳದಲ್ಲಿ ಒತ್ತಡ ತಾಳಲಾರದೆ ಬಂಡೆ ಸಿಡಿಯುತ್ತಿತ್ತು. ಹಳಬರು ಅದನ್ನು ಏರ್ ಬ್ಲಾಸ್ಟ್ ಎಂದರು, ಎಂಜಿನಿಯರುಗಳು ಆಮೇಲೆ ರಾಕ್ ಬರ್ಸ್ಟ್ ಎಂದರು. ಕೆಳಗೆ ಸಿಡಿದರೆ ಮೇಲೆ ಪಾತ್ರೆಗಳು ನಡುಗಿ ಗೋಡೆ ಸೀಳುತ್ತಿತ್ತು. ಮನೆಯವರಿಗೆ ಎರಡು ಆತಂಕ: ಗೋಡೆ ಏನಾಯಿತು, ಕೆಳಗಿಳಿದವನು ಏನಾದ. ಇಂಥ ಊರಿನಲ್ಲಿ ಬಿರುಕು ಕಂಡ ಕೂಡಲೇ ಮುಚ್ಚುವುದು ಅವಿವೇಕ. ಬಿರುಕಿಗೆ ಅಡ್ಡಲಾಗಿ ತೆಳ್ಳನೆಯ ಗಾಜಿನ ಪಟ್ಟಿಯನ್ನೋ ಕಾಗದವನ್ನೋ ಅಂಟಿಸಿ ತಾರೀಖು ಬರೆದಿಡಬೇಕು. ಅದು ಒಡೆದರೆ, ಹರಿದರೆ, ಗೋಡೆ ಇನ್ನೂ ಚಲಿಸುತ್ತಿದೆ ಎಂದರ್ಥ. ಹಾಗೆಯೇ ಉಳಿದರೆ ಬಿರುಕಿನ ಬಾಯಿ ಅಗಲ ಮಾಡಿ, ಧೂಳು ತೆಗೆದು, ನೀರು ಚಿಮುಕಿಸಿ ತುಂಬಬಹುದು. ವೈದ್ಯ ನಾಡಿ ಹಿಡಿದು ಕಾಯುವ ಹಾಗೆ ಇಲ್ಲಿ ಗೋಡೆಯನ್ನು ಕಾಯಬೇಕು. ಐದು ನಿಮಿಷದಲ್ಲಿ ಬಿರುಕು ಮಾಯ ಮಾಡುವ ವಿಡಿಯೋಗಳು ಹೇಳದೆ ಬಿಡುವುದು ಈ ಕಾಯುವಿಕೆಯನ್ನೇ.

ಹಾಗೆಂದು ನಮ್ಮ ಕಡೆಯ ರಿಪೇರಿಯೆಲ್ಲ ಉತ್ತಮವೆಂದು ಹೊಗಳಿಬಿಟ್ಟರೆ ಅದು ವಿಮರ್ಶೆಯಾಗದು, ಸನ್ಮಾನ ಪತ್ರವಾದೀತು. ಸಿಮೆಂಟಿನ ಮೇಲಿನ ನಮ್ಮ ಭಕ್ತಿಯನ್ನೇ ನೋಡಿ. ಮಣ್ಣಿನ ಗಾರೆಯಲ್ಲೋ ಸುಣ್ಣದ ಗಾರೆಯಲ್ಲೋ ಕಟ್ಟಿದ ಹಳೆಯ ಗೋಡೆ ತೇವ ಹೀರುತ್ತದೆ, ತೇವ ಬಿಡುತ್ತದೆ. ಅದರ ಮೈಮೇಲೆ ಸಿಮೆಂಟು ಬಳಿದರೆ ಒಳಗಿನ ತೇವಕ್ಕೆ ದಾರಿ ಮುಚ್ಚುತ್ತದೆ. ಒಂದೆರಡು ಮಳೆಗಾಲ ಕಳೆದ ಮೇಲೆ ಆ ಗಾರೆ ಹಪ್ಪಳದಂತೆ ಉಬ್ಬಿ, ಜೊತೆಗೆ ಗೋಡೆಯ ಚರ್ಮವನ್ನೂ ಕಿತ್ತುಕೊಂಡು ಬೀಳುತ್ತದೆ. ಸುಣ್ಣವನ್ನು ನೆನೆಹಾಕಿ ಹದ ಮಾಡಿ, ಬೆಲ್ಲ ಮತ್ತು ಅಳಲೆಕಾಯಿಯ ನೀರು ಸೇರಿಸಿ ಅರೆದ ಗಾರೆಯನ್ನು ನಮ್ಮ ತಾತಂದಿರ ಕಾಲದ ಮೇಸ್ತ್ರಿಗಳು ಬಲ್ಲವರಾಗಿದ್ದರು. ಅದು ನಿಧಾನದ ಕೆಲಸ, ಭಾನುವಾರ ಒಂದರಲ್ಲಿ ಮುಗಿಯುವುದಲ್ಲ. ಇನ್ನೊಂದು ತೊಡಕು ನೀರಿನದು. ಸಿಮೆಂಟು ಗಟ್ಟಿಯಾಗಬೇಕಾದರೆ ಕಡೆಯಪಕ್ಷ ಏಳು ದಿನ ಅದಕ್ಕೆ ನೀರುಣಿಸಬೇಕು. ಕೊಡಗಳನ್ನು ಸಾಲಿಟ್ಟು ನೀರಿಗೆ ಕಾಯುವ ನಮ್ಮ ಊರಿನಲ್ಲಿ ಕುಡಿಯುವ ನೀರನ್ನು ಗೋಡೆಗೆ ಎರಚಲು ಯಾರಿಗೆ ಮನಸ್ಸು ಬರುತ್ತದೆ? ಬಾಯಾರಿದ ಸಿಮೆಂಟು ಬಿರಿಯುತ್ತದೆ. ನಾವು ಅಂಗಡಿಯವನನ್ನು ಬೈಯುತ್ತೇವೆ.

ಕಲ್ನಾರು ಶೀಟಿನದು ಇನ್ನೂ ಗಂಭೀರವಾದ ಪ್ರಕರಣ. ತುಕ್ಕು ಹಿಡಿಯದು, ಅಗ್ಗ, ತಗಡಿನಷ್ಟು ಕಾಯುವುದಿಲ್ಲ ಎಂದು ಅದನ್ನು ತಂದು ಹಾಕಿದವರು ಬಹಳ. ಹಾಕಿದ ಶೀಟು ಸುಮ್ಮನಿರುವಾಗ ಅಪಾಯ ಕಡಿಮೆ. ಅದನ್ನು ಗರಗಸದಿಂದ ಕೊಯ್ದಾಗ, ಕೊರೆದಾಗ, ಒಡೆದಾಗ ಏಳುವ ನಾರಿನ ಧೂಳು ಶ್ವಾಸಕೋಶಕ್ಕೆ ಇಳಿದರೆ ಹೊರಗೆ ಬರುವುದಿಲ್ಲ, ಮುಂದೆ ಕ್ಯಾನ್ಸರಿಗೂ ಕಾರಣವಾಗುತ್ತದೆ. ಬಂಡೆಯ ಧೂಳಿನಿಂದ ಬರುವ ಸಿಲಿಕೋಸಿಸ್ ಏನೆಂದು ಬಲ್ಲ ಊರು ಇದು. ಗಣಿಯಲ್ಲಿ ಧೂಳು ಕುಡಿದವನ ಮಗ ಮನೆಯ ಅಂಗಳದಲ್ಲಿ ಮೂಗಿಗೆ ಬಟ್ಟೆಯೂ ಇಲ್ಲದೆ ಕಲ್ನಾರು ಕೊಯ್ಯುವುದನ್ನು ಕಂಡಾಗ ಸಂಕಟವಾಗುತ್ತದೆ. ಹಳೆಯ ಶೀಟನ್ನು ಕೊಯ್ಯದಿರುವುದೇ ಲೇಸು. ತೆಗೆಯಲೇಬೇಕಾದರೆ ಚೆನ್ನಾಗಿ ನೆನೆಸಿ, ಒಡೆಯದೆ, ಇಡಿಯಾಗಿ ಇಳಿಸಬೇಕು.

ಇನ್ನು ರಿಪೇರಿ ಎಂದಾಗ ನಮ್ಮ ಕಣ್ಣಿಗೆ ಬರುವುದು ಏಣಿ ಹತ್ತಿದ ಗಂಡಸು. ಪುಸ್ತಕಗಳ ಚಿತ್ರದಲ್ಲೂ ಅವನೇ. ಆದರೆ ಲೈನಿನ ಮನೆಗಳು ಇಷ್ಟು ವರ್ಷ ನಿಂತದ್ದು ಹೆಚ್ಚಾಗಿ ಹೆಂಗಸರ ಕೈಯಿಂದ. ಮಣ್ಣಿನ ನೆಲ ಸಾರಿಸಿದವರು ಅವರು. ಕ್ರಿಸ್‌ಮಸ್ಸಿಗೋ ಪೊಂಗಲಿಗೋ ವರ್ಷಕ್ಕೊಮ್ಮೆ ನೀಲಿ ಬೆರೆಸಿ ಸುಣ್ಣ ಬಳಿದವರು ಅವರು. ಸೈನೈಡ್ ಗುಡ್ಡದ ಬಿಳಿ ಧೂಳು ಗಾಳಿಗೆ ಎದ್ದು ಬರುವ ತಿಂಗಳುಗಳಲ್ಲಿ ತಗಡಿಗೂ ಗೋಡೆಗೂ ನಡುವಿನ ಸಂದಿಗೆ ಹಳೆಯ ಸೀರೆಯ ತುಂಡು ತುರುಕಿದವರೂ ಅವರೇ. 1877ರಲ್ಲಿ ಇಂಗ್ಲೆಂಡಿನಲ್ಲಿ ವಿಲಿಯಂ ಮಾರಿಸ್ ಮತ್ತು ಗೆಳೆಯರು ಹಳೆಯ ಕಟ್ಟಡಗಳ ರಕ್ಷಣೆಗೆ ಒಂದು ಸಂಘ ಕಟ್ಟಿದಾಗ, ದೊಡ್ಡ ಜೀರ್ಣೋದ್ಧಾರದ ಅಬ್ಬರಕ್ಕಿಂತ ದಿನದಿನದ ಆರೈಕೆಯೇ ಮೇಲು ಎಂಬ ತತ್ತ್ವ ಹೇಳಿದರು. ಅದೇ ತತ್ತ್ವ ನಮ್ಮಲ್ಲಿ ಪೊರಕೆ ಮತ್ತು ಸುಣ್ಣದ ಕುಂಚ ಹಿಡಿದು ನಡೆದಿದೆ. ಅದಕ್ಕೆ ಯಾರೂ ತತ್ತ್ವದ ಹೆಸರು ಕೊಡಲಿಲ್ಲ, ಅಷ್ಟೆ.

ಸಾಮಾನ್ಯ ಜನ ತಮ್ಮ ಮನೆಯನ್ನು ತಾವೇ ಕಟ್ಟಿ ಉಳಿಸಿಕೊಳ್ಳುವುದರ ಬಗ್ಗೆ ಗೌರವದಿಂದ ಬರೆದವರು ಇಲ್ಲವೆಂದಲ್ಲ. ಇಬ್ಬರನ್ನು ಇಲ್ಲಿ ನೆನೆಯಬೇಕು. ಒಬ್ಬರು ಜಾನ್ ಟರ್ನರ್. 1957ರಿಂದ ಪೆರು ದೇಶದ ಬಡ ಬಡಾವಣೆಗಳಲ್ಲಿ ಕೆಲಸ ಮಾಡಿದ ಈ ಇಂಗ್ಲಿಷ್ ವಾಸ್ತುಶಿಲ್ಪಿ 1972ರ 'ಫ್ರೀಡಂ ಟು ಬಿಲ್ಡ್' ಪುಸ್ತಕದಲ್ಲಿ, ಮನೆಯನ್ನು ಒಂದು ವಸ್ತುವಾಗಿ ನೋಡದೆ ಜನ ಮಾಡುತ್ತಲೇ ಇರುವ ಕ್ರಿಯೆಯಾಗಿ ನೋಡಬೇಕೆಂದು ವಾದಿಸಿದರು. ತನ್ನ ಮನೆಯ ತೀರ್ಮಾನ ತಾನೇ ತೆಗೆದುಕೊಳ್ಳುವವನು ಅರೆಕೊರೆಗಳನ್ನೂ ಪ್ರೀತಿಯಿಂದ ಸಹಿಸುತ್ತಾನೆ, ಮನೆಯೂ ಬೆಳೆಯುತ್ತದೆ ಎಂಬುದು ಅವರ ಮಾತಿನ ತಿರುಳು. ಇನ್ನೊಬ್ಬರು ತಿರುವನಂತಪುರದಲ್ಲಿ ನೆಲೆಸಿ 2007ರಲ್ಲಿ ತೀರಿಕೊಂಡ ಲಾರಿ ಬೇಕರ್. ತಮ್ಮ ಕೈಯಿಂದಲೇ ಚಿತ್ರ ಬರೆದು ಮಾಡಿದ ಸಣ್ಣ ಪುಸ್ತಿಕೆಗಳಲ್ಲಿ ಅವರು ಮಣ್ಣು, ಸುಣ್ಣ, ಬರಿ ಇಟ್ಟಿಗೆಯ ಮೇಲೆ ನಂಬಿಕೆ ಇಡಿರೆಂದು ತಮಾಷೆಯಾಗಿಯೇ ಬುದ್ಧಿ ಹೇಳಿದರು. ಸಿಮೆಂಟಿನ ಭಕ್ತರು ಓದಲೇಬೇಕಾದ ಪುಸ್ತಿಕೆಗಳವು.

ಇಬ್ಬರ ಮೇಲೂ ನನಗೆ ಗೌರವವಿದೆ. ಆದರೆ ಇಬ್ಬರನ್ನೂ ಲೈನಿಗೆ ಕರೆತಂದು ನಿಲ್ಲಿಸಿದರೆ ಒಂದು ಕೊರತೆ ಕಾಣುತ್ತದೆ. ಬೇಕರ್ ಅವರ ಓದುಗನಿಗೆ ಸಣ್ಣದೋ ದೊಡ್ಡದೋ ಒಂದು ನಿವೇಶನವಿದೆ. ಟರ್ನರ್ ಕಂಡ ಪೆರುವಿನ ಬಡವ ಖಾಲಿ ಜಾಗದಲ್ಲಿ ಬಂದು ಕೂತವನು. ಅವನ ಮೇಲೆ ಸರಕಾರದ ಭಯವಿತ್ತು ನಿಜ, ಆದರೆ ಗೋಡೆ ಅವನು ಕಟ್ಟಿದ್ದು, ಅವನದೇ. ನಮ್ಮ ಲೈನಿನವನ ಸ್ಥಿತಿ ಬೇರೆ. ಗೋಡೆ ಕಂಪನಿಯದು, ತೇಪೆ ಇವನದು. ಕೆಲಸ ಹೋದರೆ ಮನೆಯೂ ಹೋಗುವ ನಿಯಮದೊಳಗೆ ಇವನ ಬದುಕು. ಚಿನ್ನದ ಕಳವು ತಡೆಯಲೆಂದೇ ಪ್ರತ್ಯೇಕ ಪೊಲೀಸು ಇಟ್ಟಿದ್ದ ಊರಿನಲ್ಲಿ ಇವನ ಮನೆ ಪೂರ್ತಿ ಇವನ ಮನೆಯಾಗಿರಲಿಲ್ಲ. ಮನೆ ಒಂದು ಕ್ರಿಯೆ ಎಂದು ಟರ್ನರ್ ಹೇಳಿದ್ದನ್ನು ನಾನು ಒಪ್ಪುತ್ತೇನೆ. ನಮ್ಮವರಿಗೆ ಆ ಕ್ರಿಯೆಯೆಲ್ಲ ಸಿಕ್ಕಿತು. ಕರ್ತೃವಿನ ಸ್ಥಾನ ಸಿಗಲಿಲ್ಲ. ವ್ಯಾಕರಣದ ಈ ಕೊರತೆಯನ್ನು ಅವರ ಪುಸ್ತಕ ತುಂಬಿಕೊಡುವುದಿಲ್ಲ.

2001ರ ನಂತರ ಲೈನಿನ ಮನೆಗಳ ಹಕ್ಕಿನ ಪ್ರಶ್ನೆ ಅರ್ಜಿ, ಮನವಿ, ಧರಣಿ, ಕೋರ್ಟು ಎಂದು ವರ್ಷಗಟ್ಟಲೆ ಎಳೆದಾಡಿತು. ಆ ವರ್ಷಗಳನ್ನು ಯಾವ ದಾಖಲೆಯಲ್ಲಿ ಓದದಿದ್ದರೂ ತೇಪೆಗಳಲ್ಲಿ ಓದಬಹುದು. ಮನೆ ನಮಗೇ ಆಗುತ್ತದಂತೆ ಎಂಬ ಸುದ್ದಿ ಹಬ್ಬಿದ ತಿಂಗಳು ಪೇಟೆಯಿಂದ ಲೈನಿಗೆ ಸಿಮೆಂಟು ಮೂಟೆಗಳು ಹೋಗುತ್ತಿದ್ದವು. ಆಗುವುದಿಲ್ಲವಂತೆ ಎಂಬ ಸುದ್ದಿ ಬಂದರೆ ಮತ್ತೆ ಟಾರು, ಗೋಣಿ ತಾಟು, ಕಲ್ಲು. ಒಂದೇ ಸೂರಿನ ಮೇಲೆ ಭರವಸೆಯ ಪದರವೊಂದು, ಅನುಮಾನದ ಪದರವೊಂದು. ಇದನ್ನು ಕೊಳಕು ಎನ್ನುವವರು ಪತ್ರಿಕೆ ಓದುವ ಹಾಗೆ ಇದನ್ನೂ ಓದಿ ನೋಡಲಿ.

2018ರಲ್ಲಿ ನಮ್ಮ ಊರಿನ ಹೆಸರಿಟ್ಟುಕೊಂಡು ಒಂದು ಸಿನಿಮಾ ಬಂದು ದೇಶವೆಲ್ಲ ಓಡಿತು. ಸೈನೈಡ್ ಗುಡ್ಡಗಳ ಮೇಲೆ ಅದರ ಸೆಟ್ಟು ಹಾಕಿದ್ದರು. ಅದರಲ್ಲಿ ಸುತ್ತಿಗೆಯಿದೆ, ಬೆಂಕಿಯಿದೆ, ಧೂಳಿದೆ. ತನ್ನ ಮನೆಗೆ ಮೊಳೆ ಹೊಡೆಯುವವನು ನನಗೆ ಕಾಣಲಿಲ್ಲ. ಸಿನಿಮಾದವರನ್ನು ದೂರಿ ಫಲವಿಲ್ಲ, ನಮ್ಮ ಕಥೆಗಾರರೂ ಅವನನ್ನು ಅಷ್ಟಾಗಿ ಕಂಡವರಲ್ಲ. 2024ರಲ್ಲಿ ಅದೇ ಗುಡ್ಡಗಳಿಂದ ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸರಕಾರ ಒಪ್ಪಿಗೆ ಕೊಟ್ಟಿತು. ಹದಿಮೂರು ಗುಡ್ಡ, ಮೂರು ಕೋಟಿ ಟನ್ನಿಗೂ ಮೀರಿದ ಮಣ್ಣು, ಅದರಲ್ಲಿ ಟನ್ನಿಗೆ ಇಷ್ಟು ಚಿನ್ನ ಎಂದು ಲೆಕ್ಕ ಹಾಕಿದ್ದಾರೆ. ಕಂಪನಿ ಬಿಸಾಡಿದ ಮಣ್ಣಿಗೆ ಬೆಲೆ ಕಟ್ಟಲು ಸಾಧ್ಯವಾದರೆ, ಕಂಪನಿ ಬಿಟ್ಟುಹೋದ ಗೋಡೆಯನ್ನು ಬೀಳದಂತೆ ಹಿಡಿದವರ ದುಡಿಮೆಗೆ ಬೆಲೆ ಕಟ್ಟಲು ಏಕೆ ಸಾಧ್ಯವಿಲ್ಲ?

ಆದ್ದರಿಂದ ನನ್ನ ವಿಮರ್ಶೆಯ ಕೊನೆಯ ಮಾತು ಎಂಜಿನಿಯರರಿಗೆ ಸೇರಿದ್ದು. ಇನ್ನು ಮುಂದೆ ಯಾವ ಕಾರಣಕ್ಕಾಗಲಿ ಲೈನಿನ ಮನೆಯೊಂದರ ಮೌಲ್ಯಮಾಪನಕ್ಕೆ ಟೇಪು ಹಿಡಿದು ಬರುವವರು, ಕಟ್ಟಡದ ವಯಸ್ಸು ಎಂಬ ಕಾಲಮಿನ ಪಕ್ಕದಲ್ಲಿ ಇನ್ನೊಂದು ಕಾಲಂ ಎಳೆದುಕೊಳ್ಳಲಿ. ಯಾವ ತಗಡು ಯಾರು ಹಾಕಿದ್ದು, ಯಾವ ಗೋಡೆ ಯಾರು ಎತ್ತಿ ಕಟ್ಟಿದ್ದು, ನೆಲಕ್ಕೆ ಕಲ್ಲು ಹಾಸಿದವರು ಯಾರು ಎಂದು ಮನೆಯವರನ್ನೇ ಕೇಳಿ ಬರೆಯಲಿ. ಮನೆಯ ಒಡತಿಗೆ ಪ್ರತಿಯೊಂದು ತೇಪೆಯ ವರ್ಷ ನೆನಪಿರುತ್ತದೆ: ಇದು ಮಗ ಹುಟ್ಟಿದ ವರ್ಷದ್ದು, ಇದು ಗಣಿ ಮುಚ್ಚಿದ ವರ್ಷದ್ದು, ಇದು ಮಗಳ ಮದುವೆಗೆ ಬಳಿದ ಗಾರೆ. ಆ ಕಾಲಂ ತುಂಬಿದ ಮೇಲೆ ಕೂಡಿ ನೋಡಿದರೆ, ಕಂಪನಿ ಕಟ್ಟಿದ್ದು ಆ ಮನೆಯಲ್ಲಿ ಎಷ್ಟು ಉಳಿದಿದೆ ಎಂಬುದು ಯಾರಿಗಾದರೂ ತಿಳಿದೀತು.